ಹಿಂದಿನ ಗಾಡಿಯ ಬ್ರೇಕು ಯಾರ ಕೈಯಲ್ಲಿ?

ಡೆಂಕಣಿಕೋಟೆಯಿಂದ ಹೊಗೇನಕಲ್ಲಿಗೆ ಹೋಗುವ ರಸ್ತೆಯಲ್ಲಿ ಅಂಚೆಟ್ಟಿ ಸಿಗುತ್ತದೆ. ಕಾಸರಗೋಡಿನ ಓದುಗರಲ್ಲಿ ಹೆಚ್ಚಿನವರು ಈ ಊರಿನ ಹೆಸರು ಕೇಳಿರಲಾರರು. ಹಿಂದೆ ಧರ್ಮಪುರಿ ಜಿಲ್ಲೆಗೆ ಸೇರಿದ್ದ ಈ ಊರು 2004ರಲ್ಲಿ ಕೃಷ್ಣಗಿರಿ ಜಿಲ್ಲೆ ಬೇರೆಯಾದಾಗ ಅದರೊಳಗೆ ಬಂತು. ತಮಿಳುನಾಡಿನ ಊರಾದರೂ ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಮನೆಮಾತಾಗಿರುವ ಕುಟುಂಬಗಳು ಬೇಕಾದಷ್ಟಿವೆ. ನಿಮ್ಮಲ್ಲಿ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ಮಲಯಾಳ ಇರುವ ಹಾಗೆ ನಮ್ಮಲ್ಲಿ ಮನೆಯೊಳಗೆ ಕನ್ನಡ, ಪೇಟೆಯಲ್ಲಿ ತಮಿಳು. ಹೊಸೂರಿಗೆ ಹೋದರೆ ತೆಲುಗೂ ಸೇರುತ್ತದೆ. ಗುಡ್ಡ, ಕಾಡು, ಇಳಿಜಾರಿನ ನಾಡು. ರಾಗಿ, ಹುರುಳಿ, ಹುಣಿಸೆ. ಇಷ್ಟು ಪೀಠಿಕೆ ಸಾಕು. ನಾನು ಇಂದು ಹೇಳಹೊರಟಿರುವುದು ಭಾಷೆಯ ವಿಷಯವಲ್ಲ, ಬ್ರೇಕಿನ ವಿಷಯ.

ನನ್ನ ಅಕ್ಕನ ಮಗ ಬೇಸಾಯಗಾರ. ಎರಡು ಸುಗ್ಗಿಗಳ ಹಿಂದೆ ಅವನು ರಾಗಿ ಮೂಟೆಗಳನ್ನು ಹೇರಿಕೊಂಡು ಇಳಿಜಾರಿನಲ್ಲಿ ಬರುತ್ತಿದ್ದ. ಮೂಟೆಗಳ ಮೇಲೆ ಐದು ಮಂದಿ ಕೂಲಿಯವರು. ತಿರುವಿನಲ್ಲಿ ದನವೊಂದು ಅಡ್ಡ ಬಂತು. ಬ್ರೇಕು ತುಳಿದ. ಟ್ರಾಕ್ಟರು ಮಾತು ಕೇಳಿತು, ಹಿಂದಿನ ಟ್ರೈಲರು ಕೇಳಲಿಲ್ಲ. ಟ್ರಾಕ್ಟರಿನ ಬೆನ್ನನ್ನು ಪಕ್ಕಕ್ಕೆ ತಳ್ಳಿತು. ಎರಡೂ ಕತ್ತರಿಯ ಹಾಗೆ ಮಡಚಿಕೊಂಡು ದಿಬ್ಬಕ್ಕೆ ಒರಗಿ ನಿಂತವು. ದಿಬ್ಬ ಬಲಕ್ಕಿತ್ತು, ಎಡಕ್ಕೆ ಕಂದಕ. ಒಬ್ಬ ಹೆಂಗಸಿನ ತೋಳು ಮುರಿಯಿತು. ಉಳಿದವರು ಬದುಕಿದ್ದು ದಿಬ್ಬದ ಪುಣ್ಯ. ಆಮೇಲೆ ನೋಡಿದರೆ ಆ ಟ್ರೈಲರಿಗೆ ಬ್ರೇಕೇ ಇರಲಿಲ್ಲ. ಮಾಡಿಕೊಟ್ಟ ವರ್ಕ್‌ಶಾಪಿನವರು, "ಬ್ರೇಕು ಬೇಡವೆಂದರೆ ಅಷ್ಟು ದುಡ್ಡು ಉಳಿಯುತ್ತೆ" ಎಂದಿದ್ದರು. ಇವನು ಉಳಿಸಿದ್ದ.

ಈಗ ಹೊಸ ಟ್ರೈಲರು ಕೊಳ್ಳಬೇಕೆಂದು ಹೊರಟವನು ನನ್ನ ಬಳಿ ಬಂದ. "ಮಾವಾ, ನೀವು ಮಕ್ಕಳಿಗೆ ವಿಜ್ಞಾನ ಹೇಳಿಕೊಡ್ತೀರಲ್ಲ, ಯಾವ ಬ್ರೇಕು ಹಾಕಿಸಲಿ ಹೇಳಿ" ಎಂದ. ಹಲಗೆಯ ಮೇಲೆ ಚಲನೆಯ ನಿಯಮ ಬರೆಯುವುದು ಸುಲಭ. ಅದೇ ಹಳೆಯ ಟ್ರೈಲರಿನ ಮೇಲೆ ಕುಳಿತು ನಾನೂ ಮದುವೆ ದಿಬ್ಬಣಕ್ಕೆ ಹೋಗಿದ್ದೆನೆಂಬುದು ನೆನಪಾಗಿ ಸ್ವಲ್ಪ ನಾಚಿಕೆಯಾಯಿತು.

ಲೆಕ್ಕ ಹೀಗಿದೆ. ನಮ್ಮ ಕಡೆ ಓಡುವ ಸಾಧಾರಣ ಟ್ರಾಕ್ಟರಿನ ತೂಕ ಸುಮಾರು 2 ಟನ್. ಹೇರು ತುಂಬಿದ ಟ್ರೈಲರು 4 ಟನ್ ಎಂದಿಟ್ಟುಕೊಳ್ಳಿ. ಅಂದರೆ ಚಿಕ್ಕವನ ಕಾಲಿನ ಮೇಲೆ ದೊಡ್ಡವನ ಭಾರ. ಆ 4 ಟನ್ ಭಾರ 100 ಮೀಟರ್ ಎತ್ತರವನ್ನು ಇಳಿದರೆ, ವೇಗ ಹೆಚ್ಚದಂತೆ ತಡೆಯಲು ಹುಟ್ಟುವ ಶಾಖ ಹನ್ನೊಂದು ಹನ್ನೆರಡು ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಒಂದು ಕೊಡ ನೀರು! ಆ ಶಾಖವೆಲ್ಲ ಟ್ರಾಕ್ಟರಿನ ಎರಡು ಹಿಂಚಕ್ರಗಳ ಬ್ರೇಕಿನಲ್ಲೇ ಅಡಗಬೇಕೆಂದರೆ ಹೇಗೆ? ಇಂಜಿನ್ನು ಸ್ವಲ್ಪ ಪಾಲು ಹೊತ್ತುಕೊಳ್ಳುತ್ತದೆ, ಆದರೆ ಗೇರಿನಲ್ಲಿದ್ದಾಗ ಮಾತ್ರ. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ಗೆ ಹಾಕಿ ಇಳಿಯುವ ಪುಣ್ಯಾತ್ಮರು ಆ ಪಾಲನ್ನೂ ಕಳೆದುಕೊಳ್ಳುತ್ತಾರೆ.

ನಮ್ಮ ಹಿರಿಯರು ಎತ್ತಿನ ಗಾಡಿಗೂ ಇದನ್ನು ಯೋಚಿಸಿದ್ದರು. ಇಳಿಜಾರಿನಲ್ಲಿ ನೊಗ ಎತ್ತಿನ ಕೊಂಬಿಗೆ ನುಗ್ಗದಂತೆ ಮರದ ದಿಮ್ಮಿಯೊಂದನ್ನು ಹಗ್ಗದಿಂದ ಎಳೆದು ಚಕ್ರದ ಕಬ್ಬಿಣದ ಪಟ್ಟಿಗೆ ಒತ್ತುತ್ತಿದ್ದರು. ಎಳೆಯುವುದು ಎತ್ತು, ತಡೆಯುವುದು ಗಾಡಿಯದೇ ಚಕ್ರ, ಹಗ್ಗ ಗಾಡಿ ಹೊಡೆಯುವವನ ಕೈಯಲ್ಲಿ. ಬ್ರೇಕಿಲ್ಲದ ಟ್ರೈಲರು ತಂದವರು ಮುಂದುವರಿದೆವೆಂದುಕೊಂಡು ಹಿಂದೆ ಬಿದ್ದಿದ್ದೇವೆ.

ಪರದೇಶದಲ್ಲಿ ಈ ಹಗ್ಗಕ್ಕೆ ಏನು ಗತಿಯಾಗಿದೆ ಎಂಬುದನ್ನು ಹೇಳುತ್ತೇನೆ. ಯಾಕೆಂದರೆ ನಮ್ಮ ಕುಟುಂಬಗಳ ಮಕ್ಕಳು ಈಗ ಅಮೆರಿಕ, ಕೆನಡಾದಲ್ಲೂ ಇದ್ದಾರೆ, ಅಲ್ಲಿ ರಜೆಯಲ್ಲಿ ಮನೆಯಂಥ ಗಾಡಿಯನ್ನೇ ಕಾರಿನ ಹಿಂದೆ ಎಳೆದುಕೊಂಡು ಊರು ಸುತ್ತುವವರಿದ್ದಾರೆ. ಅಮೆರಿಕದ ಅನೇಕ ರಾಜ್ಯಗಳಲ್ಲಿ 3,000 ಪೌಂಡು, ಅಂದರೆ ಸುಮಾರು 1,360 ಕಿಲೋ ಮೀರಿದ ಹಿಂಗಾಡಿಗೆ ಅದರದೇ ಬ್ರೇಕು ಕಡ್ಡಾಯ. ಆ ಬ್ರೇಕು ಹೆಚ್ಚಾಗಿ ವಿದ್ಯುತ್ತಿನದು. ಚಕ್ರದ ಡ್ರಮ್ಮಿನೊಳಗೊಂದು ವಿದ್ಯುತ್ ಅಯಸ್ಕಾಂತ. ಅದಕ್ಕೆ ಕರೆಂಟು ಹರಿದರೆ ತಿರುಗುವ ಡ್ರಮ್ಮಿಗೆ ಅಂಟಿಕೊಂಡು ಸನ್ನೆಯನ್ನು ಎಳೆಯುತ್ತದೆ, ಬ್ರೇಕಿನ ಪಟ್ಟಿಗಳು ಒತ್ತುತ್ತವೆ. ಎಷ್ಟು ಕರೆಂಟು ಹರಿಯಬೇಕೆಂಬುದನ್ನು ನಿರ್ಧರಿಸುವ ಪುಟ್ಟ ಪೆಟ್ಟಿಗೆ ಚಾಲಕನ ಮೊಣಕಾಲಿನ ಹತ್ತಿರ ಇರುತ್ತದೆ. ಅದನ್ನೇ ಬ್ರೇಕ್ ಕಂಟ್ರೋಲರ್ ಎನ್ನುತ್ತಾರೆ.

ಆ ಪೆಟ್ಟಿಗೆಯಲ್ಲಿ ಎರಡು ಜಾತಿ. ಅಗ್ಗದ್ದು ಕಾಲದ ಲೆಕ್ಕದ್ದು. ಬ್ರೇಕು ತುಳಿದು ಹಿಂದಿನ ಕೆಂಪು ದೀಪ ಹತ್ತಿದೊಡನೆ, ಮೊದಲೇ ಗೊತ್ತುಮಾಡಿದ ವೇಗದಲ್ಲಿ, ಗೊತ್ತುಮಾಡಿದ ಮಟ್ಟಕ್ಕೆ ಕರೆಂಟು ಏರಿಸುತ್ತದೆ. ಮೆಲ್ಲಗೆ ತುಳಿದಿರೋ, ಪ್ರಾಣಭಯದಿಂದ ತುಳಿದಿರೋ ಅದಕ್ಕೆ ತಿಳಿಯದು. ಇನ್ನೊಂದು, ಗಾಡಿಯ ವೇಗ ಎಷ್ಟು ಬೇಗ ಇಳಿಯುತ್ತಿದೆ ಎಂಬುದನ್ನು ಅಳೆದು ಅದೇ ಪ್ರಮಾಣದಲ್ಲಿ ಕರೆಂಟು ಕಳಿಸುತ್ತದೆ. ಗುಡ್ಡಗಾಡಿನಲ್ಲಿ ಭಾರದ ಗಾಡಿ ಎಳೆಯುವವರು ಎರಡನೆಯದನ್ನೇ ಕೊಳ್ಳಬೇಕೆಂಬುದು ನನ್ನ ಅಭಿಪ್ರಾಯ. ಕೊಂಡರಷ್ಟೇ ಸಾಲದು, ಹೊಂದಿಸಬೇಕು. ಸಮತಟ್ಟಾದ ಖಾಲಿ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಪೆಟ್ಟಿಗೆಯ ಕೈಸನ್ನೆಯನ್ನು ಮಾತ್ರ ಒತ್ತಿ, ಹಿಂಗಾಡಿಯ ಚಕ್ರ ಕಚ್ಚಿ ಜಾರುವುದಕ್ಕೆ ಸ್ವಲ್ಪ ಮೊದಲಿನ ಮಟ್ಟದಲ್ಲಿ ನಿಲ್ಲಿಸುವುದು ರೂಢಿ. ಹೇರು ಬದಲಾದರೆ ಮತ್ತೆ ಹೊಂದಿಸಬೇಕು. ಆ ಕೈಸನ್ನೆಗೆ ಇನ್ನೊಂದು ಉಪಯೋಗವೂ ಉಂಟು. ಹಿಂಗಾಡಿ ಬಾಲದಂತೆ ಅತ್ತಿತ್ತ ಓಲಾಡತೊಡಗಿದರೆ ಕಾಲಿನ ಬ್ರೇಕು ತುಳಿಯದೆ ಇದನ್ನಷ್ಟೇ ಒತ್ತಬೇಕು; ಹಿಂದಿನಿಂದ ಎಳೆದು ಹಿಡಿದ ಹಾಗೆ ನೆಟ್ಟಗಾಗುತ್ತದೆ. ಕೊಂಡಿ ಕಳಚಿಕೊಂಡರೆ ಹಿಂಗಾಡಿಯಲ್ಲೇ ಇರುವ ಸಣ್ಣ ಬ್ಯಾಟರಿಯಿಂದ ಬ್ರೇಕು ತಾನಾಗಿ ಬೀಳುವ ಏರ್ಪಾಡೂ ಇದೆ.

ನಮ್ಮ ಟ್ರಾಕ್ಟರ್ ಟ್ರೈಲರುಗಳಿಗೆ ಈ ವಿದ್ಯುತ್ ಪೆಟ್ಟಿಗೆ ರೂಢಿಯಲ್ಲಿಲ್ಲ. ಆದರೆ ಪ್ರಶ್ನೆ ಅದೇ: ಹಿಂದಿನ ಬ್ರೇಕನ್ನು ಆಳುವವರು ಯಾರು?

ಕೈಯಿಂದ ಎಳೆಯುವ ಸನ್ನೆಯಿದ್ದರೆ ಸಾಕಲ್ಲವೇ ಎಂದ ಅಳಿಯ. ಅದು ನಿಲ್ಲಿಸಿದ ಗಾಡಿಯನ್ನು ಹಿಡಿದಿಡಲು ಸರಿ. ಸ್ಟೀರಿಂಗು ಬಿಟ್ಟು ಹಿಂದಕ್ಕೆ ಕೈಚಾಚುವಷ್ಟು ಪುರುಸೊತ್ತು ದನ ಕೊಡುವುದಿಲ್ಲ. ಎರಡನೆಯದು ನೂಕು ಬ್ರೇಕು. ಟ್ರಾಕ್ಟರು ನಿಧಾನಿಸಿದಾಗ ಟ್ರೈಲರು ಮುಂದೆ ನೂಕುತ್ತದಲ್ಲ, ಆ ನೂಕನ್ನೇ ಮೂಕಿಯ ತುದಿಯ ಜಾರುಕೊಂಡಿ ಹಿಡಿದು ಬ್ರೇಕಿಗೆ ಕಳಿಸುತ್ತದೆ. ಯೂರೋಪಿನಲ್ಲಿ 750 ಕಿಲೋ ಮೀರಿ 3,500 ಕಿಲೋ ತನಕದ ಹಿಂಗಾಡಿಗಳಿಗೆ ಇದೇ ಹೆಚ್ಚಾಗಿ ಇರುವುದು. ಸರಳ, ಅಗ್ಗ, ಟ್ರಾಕ್ಟರಿಗೆ ಏನೂ ಜೋಡಿಸಬೇಕಿಲ್ಲ. ಆದರೆ ಉದ್ದನೆಯ ಇಳಿಜಾರಿನಲ್ಲಿ ನೂಕು ನಿಲ್ಲುವುದೇ ಇಲ್ಲ, ಬ್ರೇಕು ಎಡೆಬಿಡದೆ ಉಜ್ಜಿ ಕಾಯುತ್ತದೆ. ಹೊಲದಲ್ಲಿ ಹಿಂದಕ್ಕೆ ತಳ್ಳಬೇಕಾದಾಗಲೂ ಅದನ್ನೇ ನೂಕೆಂದು ತಿಳಿದು ಕಚ್ಚಿಕೊಳ್ಳುತ್ತದೆ. ಬಿಡಿಸುವ ಏರ್ಪಾಡು ಇದೆಯೇ ಎಂದು ಕೇಳಿಯೇ ಕೊಳ್ಳಬೇಕು.

ಮೂರನೆಯದು ಟ್ರಾಕ್ಟರಿನ ಬ್ರೇಕ್ ಪೆಡಲಿಗೇ ಜೋಡಿಸಿದ ಹೈಡ್ರಾಲಿಕ್ ಬ್ರೇಕು. ತುಳಿದಷ್ಟು ಒತ್ತಡ ಕೊಳವೆಯ ಮೂಲಕ ಹಿಂದಿನ ಚಕ್ರಗಳಿಗೆ ಹೋಗುತ್ತದೆ. ಇದು ಒಪ್ಪತಕ್ಕದ್ದು. ಇನ್ನೂ ದೊಡ್ಡ ಹೇರಿಗೆ ಲಾರಿಯಂತೆ ಗಾಳಿಬ್ರೇಕು; ಅದರ ಎರಡು ಕೊಳವೆಯ ಪದ್ಧತಿಯಲ್ಲಿ ಗಾಳಿ ತುಂಬಿಸುವ ಕೊಳವೆ ಹರಿದರೆ ಬ್ರೇಕು ತಾನಾಗಿ ಬೀಳುತ್ತದೆ ಎಂಬುದು ದೊಡ್ಡ ಗುಣ. ಆದರೆ ಇಂಜಿನ್ನಿಗೆ ಗಾಳಿಯಂತ್ರ, ಟ್ಯಾಂಕು ಎಲ್ಲ ಬೇಕು, ಖರ್ಚು ಹೆಚ್ಚು.

ಹೊಸ ಟ್ರೈಲರಿಗೆ ಹೈಡ್ರಾಲಿಕ್ ಹಾಕಿಸುವುದೆಂದಾಯಿತು. ಗ್ಯಾರೇಜಿಗೆ ನಾನೂ ಹೋದೆ. ಭಾಗಗಳ ಹೆಸರು ಇಂಗ್ಲಿಷ್, ಮೆಕ್ಯಾನಿಕ್ಕಿನ ಮಾತು ತಮಿಳು, ನಮ್ಮ ಸಂಶಯಗಳು ಕನ್ನಡ. ಅರ್ಥವಾಗದ್ದಕ್ಕೆ ತಲೆಯಾಡಿಸಿ ಬರುವ ಅಭ್ಯಾಸ ನಮ್ಮವರಿಗಿದೆ, ನಿಮ್ಮಲ್ಲೂ ಇರಬಹುದು. ಅಂದು ತಲೆಯಾಡಿಸದೆ ಮೂರು ಮಾತು ಕೇಳಿದೆವು. ತುಳಿದಾಗ ಹಿಂದಿನ ಚಕ್ರ ಟ್ರಾಕ್ಟರಿಗಿಂತ ಕೂದಲೆಳೆ ಮೊದಲು ಹಿಡಿಯುತ್ತದೆಯೇ? ಖಾಲಿ ಇದ್ದಾಗ ಚಕ್ರ ಕಚ್ಚಿ ಜಾರದಂತೆ ತಗ್ಗಿಸಬಹುದೇ? ಕೊಳವೆ ಹರಿದರೆ ಗತಿಯೇನು? ಮೂರನೆಯದಕ್ಕೆ ಮೆಕ್ಯಾನಿಕ್ಕು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊಂಡಿಗೆ ಎರಡನೆಯ ಸರಪಳಿ ಹಾಕಿಕೊಟ್ಟ. ಪ್ರತಿಸಲ ಹೊರಡುವ ಮುಂಚೆ ಕೊಳವೆ ಮುಟ್ಟಿ ನೋಡಬೇಕೆಂದ. ಪ್ರಾಮಾಣಿಕ ಮನುಷ್ಯ.

ಟ್ರಾಕ್ಟರಿನ ಎಡಬಲದ ಎರಡು ಬ್ರೇಕ್ ಪೆಡಲುಗಳನ್ನು ರಸ್ತೆಗಿಳಿದಾಗ ಕೂಡಿಸುವ ಕೀಲು ನಮ್ಮವನ ಗಾಡಿಯಲ್ಲಿ ಬಿದ್ದುಹೋಗಿತ್ತು. ಒಂದನ್ನೇ ತುಳಿದರೆ ಗಾಡಿ ಒಂದೇ ಕಡೆ ತಿರುಗುತ್ತದೆ. ಹಳೆಯ ಅಪಘಾತಕ್ಕೆ ಅದೂ ಕಾರಣವಿದ್ದೀತೆಂದು ನನ್ನ ಅನುಮಾನ. ಅದನ್ನೂ ಹಾಕಿಸಿದೆವು.

ನಿಮ್ಮ ಕಡೆಯ ಅಡಿಕೆ ತೋಟದವರಿಗೆ ಇಲ್ಲೊಂದು ಮಾತು. ಪವರ್ ಟಿಲ್ಲರಿನ ಹಿಂದೆ ಗಾಡಿ ಕಟ್ಟಿಕೊಂಡು ಕಡಿದಾದ ಇಳಿಜಾರಿನಲ್ಲಿ ಬರುವಾಗ ಎಡಗೈಯ ಕ್ಲಚ್ಚು ಹಿಡಿದರೆ ಯಂತ್ರ ಬಲಕ್ಕೆ ತಿರುಗಬಹುದು. ಇಂಜಿನ್ನಿನ ಹಿಡಿತ ತಪ್ಪಿದ ಚಕ್ರ ಭಾರದ ನೂಕಿಗೆ ಬೇಗ ಉರುಳುವುದೇ ಕಾರಣ. ಹೊಸಬರನ್ನು ಕೂರಿಸುವ ಮೊದಲು ಇದನ್ನು ಹೇಳಿಬಿಡಿ.

1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 96ನೆಯದು ಬ್ರೇಕಿನದೇ. ಟ್ರೈಲರಿಗೂ ಪ್ರತ್ಯೇಕ ನೋಂದಣಿ ಬೇಕು; ಮಾಲಿನ ಟ್ರೈಲರಿನ ಮೇಲೆ ಜನರನ್ನು ಹೇರುವಂತಿಲ್ಲ, ಹೇರಿ ಅಪಘಾತವಾದರೆ ವಿಮೆಯವರು ಕೈಕೊಡುತ್ತಾರೆ. ತೋಳು ಮುರಿದ ಹೆಂಗಸಿನ ಆಸ್ಪತ್ರೆ ಖರ್ಚು ಕೊಟ್ಟವಳು ನನ್ನ ಅಕ್ಕ, ಒಂದು ಹಸು ಮಾರಿ. ವರ್ಕ್‌ಶಾಪಿನಲ್ಲಿ ಉಳಿಸಿದ ದುಡ್ಡು ಅದರ ಅರ್ಧಕ್ಕೂ ಬರಲಿಲ್ಲ.

ಹೊಸ ಟ್ರೈಲರನ್ನು ಮೊದಲು ಬಯಲಿನಲ್ಲಿ ಅರ್ಧ ಹೇರು ಹಾಕಿ ಮೆಲ್ಲಗೆ ಓಡಿಸಿ ತುಳಿದು ನೋಡಿದೆವು. ಮೊದಲ ಸಲ ಹಿಂದಿನಿಂದ ನೂಕಿತು. ಬಿಗಿ ಮಾಡಿಸಿದ ಮೇಲೆ ಜಗ್ಗಿತು. ಮೂರನೆಯ ಸಲಕ್ಕೆ ನೂಕೂ ಇಲ್ಲ, ಜಗ್ಗೂ ಇಲ್ಲ. ಆಮೇಲೆ ಇಳಿಜಾರಿಗೆ ಹೋದ. ಹತ್ತುವಾಗಿನ ಗೇರಿನಲ್ಲೇ ಇಳಿದ. ಮೂಟೆಗಳ ಮೇಲೆ ಯಾರೂ ಇರಲಿಲ್ಲ. ಕೂಲಿಯವರು ಬಸ್ಸಿನಲ್ಲಿ ಬಂದರು, ಟಿಕೆಟ್ಟಿನ ದುಡ್ಡು ಇವನೇ ಕೊಟ್ಟ. ಹಳೆಯ ಟ್ರೈಲರು ಈಗ ಚಕ್ರ ಕಳಚಿಕೊಂಡು ಹುಣಿಸೆ ಮರದ ಕೆಳಗೆ ಕುಳಿತಿದೆ. ಅಕ್ಕ ಅದರಲ್ಲಿ ಹುಲ್ಲು ಒಟ್ಟುತ್ತಾಳೆ.