ಸಿಡಿಯಲ್ಲಿದ್ದ ಹಾಡು ಪೆನ್‌ಡ್ರೈವಿಗೆ ಏಕೆ ಬರಲಿಲ್ಲ?

ಅಜ್ಜಿ ಹಾಡಿದ ಸೋಬಾನೆ ಪದಗಳನ್ನು ಮನೆಯವರು ಹಿಂದೊಮ್ಮೆ ಸ್ಟುಡಿಯೋದಲ್ಲಿ ಸಿಡಿಗೆ ಹಾಕಿಸಿದ್ದರು. ಅಜ್ಜಿ ಈಗಿಲ್ಲ, ಉಳಿದಿರುವುದು ಆ ಒಂದೇ ಸಿಡಿ. ಮೊಮ್ಮಗ ಅದನ್ನು ಕಂಪ್ಯೂಟರಿಗೆ ಹಾಕಿದ. ಪರದೆಯ ಮೇಲೆ ಹನ್ನೆರಡು ಪದಗಳೂ ಸಾಲಾಗಿ ಕಂಡವು. ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಯಿತು! ಮರುದಿನ ಚಿಕ್ಕಮ್ಮನ ಮನೆಯಲ್ಲಿ ಹಾಕಿದರೆ ಒಂದೂ ಹಾಡಲಿಲ್ಲ. ಪರೀಕ್ಷಿಸಿದಾಗ ಒಂದೊಂದು ಕಡತದ ಗಾತ್ರ ಬರೀ 44 ಬೈಟ್.

ಇಂಥ ಪೇಚಿಗೆ ಸಿಕ್ಕವರು ಬಹಳ ಮಂದಿ. ವಾಸ್ತವವಾಗಿ ಆಡಿಯೋ ಸಿಡಿಯಲ್ಲಿ ಕಡತಗಳೇ ಇರುವುದಿಲ್ಲ. ವಿಂಡೋಸ್ ತೋರಿಸುವುದು ಹಾಡು ಎಲ್ಲಿ ಆರಂಭ, ಎಷ್ಟು ಹೊತ್ತು ಎಂದು ತಿಳಿಸುವ ಚೀಟಿಯನ್ನು ಮಾತ್ರ. ಮದುವೆಯ ಊಟದ ಬದಲು ಕರೆಯೋಲೆ ಕಟ್ಟಿಕೊಂಡು ಬಂದಂತಾಯಿತು.

ಹಾಗಾದರೆ ಸಿಡಿಯಲ್ಲಿ ಇರುವುದೇನು? ಸಂಖ್ಯೆಗಳು. ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಈ ತಟ್ಟೆ 1982ರಲ್ಲಿ ಮಾರುಕಟ್ಟೆಗೆ ಬಂತು. ಇದರಲ್ಲಿ ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡಲಾಗುತ್ತದೆ, ಎಡಕ್ಕೊಂದು, ಬಲಕ್ಕೊಂದು. ವಿದ್ಯಾರ್ಥಿಗಳು ಗುಣಿಸಿ ನೋಡಲಿ: ಸೆಕೆಂಡಿಗೆ 14,11,200 ಬಿಟ್, ಅಂದರೆ ನಿಮಿಷಕ್ಕೆ ಸುಮಾರು 10.6 ಮೆಗಾಬೈಟ್. 44 ಬೈಟಿನಲ್ಲಿ ಹಾಡು ಹಿಡಿಯುವುದಾದರೂ ಹೇಗೆ?

ಈ ಸಂಖ್ಯೆಗಳನ್ನು ಲೇಸರ್ ಕಿರಣದಿಂದ ಓದಿಸಿ ಕಡತವಾಗಿ ಬರೆಸುವ ಕೆಲಸಕ್ಕೆ ‘ರಿಪ್ಪಿಂಗ್’ ಎಂದು ಹೆಸರು. ಇದರಲ್ಲೊಂದು ಸೂಕ್ಷ್ಮವಿದೆ. ಸಿಡಿಯ ಮೇಲೆ ಒಂದು ಸೆಕೆಂಡಿನ ಧ್ವನಿ 75 ತುಂಡುಗಳಾಗಿರುತ್ತದೆ. ಪ್ರತಿ ತುಂಡಿನಲ್ಲಿ 2,352 ಬೈಟ್. ಮಾಹಿತಿ ತುಂಬುವ ಸಿಡಿಯಲ್ಲಾದರೆ ಅಷ್ಟೇ ಜಾಗದಲ್ಲಿ 2,048 ಬೈಟ್ ಮಾತ್ರ ಮಾಹಿತಿ. ಉಳಿದದ್ದು ವಿಳಾಸಕ್ಕೆ, ಹೆಚ್ಚಿನ ದೋಷ ಪರಿಹಾರಕ್ಕೆ ಮೀಸಲು. ಆಡಿಯೋ ಸಿಡಿಗೆ ಆ ಹೆಚ್ಚಿನ ರಕ್ಷಣೆ ಇಲ್ಲ. ಗೀರು ಅತಿಯಾದಾಗ ಪ್ಲೇಯರ್ ಅಕ್ಕಪಕ್ಕದ ಸಂಖ್ಯೆಗಳನ್ನು ನೋಡಿ ನಡುವಿನದನ್ನು ಊಹಿಸಿಬಿಡುತ್ತದೆ. ಕಿವಿಗೆ ತಿಳಿಯುವುದಿಲ್ಲ, ಸರಿ. ಆದರೆ ನಕಲು ತೆಗೆಯುವಾಗಲೂ ಅದೇ ಆದರೆ ಆ ಊಹೆಯೇ ಶಾಶ್ವತ ದಾಖಲೆಯಾಗುತ್ತದೆ! ಅದಕ್ಕಾಗಿಯೇ ‘ಎಕ್ಸಾಕ್ಟ್ ಆಡಿಯೋ ಕಾಪಿ’ಯಂಥ ತಂತ್ರಾಂಶಗಳು ಸಂಶಯ ಬಂದ ಜಾಗವನ್ನು ಮತ್ತೆ ಮತ್ತೆ ಓದಿಸಿ, ಉತ್ತರ ತಾಳೆಯಾಗದಿದ್ದರೆ ಎಚ್ಚರಿಸುತ್ತವೆ. ನಿಧಾನ, ನಿಜ. ಒಂದೇ ಪ್ರತಿ ಇರುವಾಗ ಆತುರವೇಕೆ?

ಸಿಡಿಯನ್ನು ಒರೆಸುವುದರಲ್ಲೂ ಕ್ರಮವಿದೆ. ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಬೇಕು. ಸುತ್ತು ಒರೆಸಿದಾಗ ಗೀರು ಬಿದ್ದರೆ ಅದು ಸಾಲಿನುದ್ದಕ್ಕೂ ಸಾಗಿ ಒಂದೇ ಕಡೆಯ ಬಹಳಷ್ಟು ಸಂಖ್ಯೆಗಳನ್ನು ಕೆಡಿಸುತ್ತದೆ. ಇನ್ನು ಅಂಗಡಿಯ ಸಿಡಿಯಲ್ಲಿ ಅಚ್ಚೊತ್ತಿದ ಗುಳಿಗಳಿದ್ದರೆ, ಮನೆಯಲ್ಲೋ ಸ್ಟುಡಿಯೋದಲ್ಲೋ ಬರೆಸಿದ್ದರಲ್ಲಿ ಇರುವುದು ಬಣ್ಣದ ಪದರ. ಬಿಸಿಲು, ಸೆಕೆಗೆ ಅದು ಕೆಡುತ್ತದೆ. ಮದುವೆಯ, ಶಾಲಾ ವಾರ್ಷಿಕೋತ್ಸವದ ಸಿಡಿಗಳು ಬಹುತೇಕ ಇಂಥವೇ. ಹೆತ್ತವರು ಅವನ್ನು ಮೊದಲು ಹೊರತೆಗೆಯಬೇಕು.

ಹೊರತೆಗೆದದ್ದನ್ನು ‘ವೇವ್’ ಕಡತವಾಗಿ ಇಡುವುದು ಒಳ್ಳೆಯದು. 128 ಕಿಲೋಬಿಟ್‌ನ ಎಂಪಿ3 ಮಾಡಿದರೆ ಗಾತ್ರ ಹನ್ನೊಂದರಲ್ಲೊಂದು ಪಾಲಿಗೆ ಇಳಿಯುತ್ತದೇನೋ ಹೌದು, ಆದರೆ ಬಿಸಾಡಿದ್ದು ಮರಳಿ ಬರದು. ಜಾಗ ಸಾಲದವರಿಗೆ, ಏನನ್ನೂ ಕಳೆಯದೆ ಕುಗ್ಗಿಸುವ ‘ಫ್ಲಾಕ್’ ಇದೆ. ಕತ್ತರಿಸಿ ಜೋಡಿಸಲು ‘ಆಡಾಸಿಟಿ’ ಎಂಬ ಉಚಿತ ತಂತ್ರಾಂಶ ಸಾಕು. ವಿಂಡೋಸ್‌ನಲ್ಲಿ ಅದು ಆಡಿಯೋ ಸಿಡಿಯನ್ನು ನೇರವಾಗಿ ಓದದ ಕಾರಣ ಮೊದಲು ವೇವ್ ಆಗಲೇಬೇಕು. ಕತ್ತರಿ ಆಡಿಸುವುದು ಮಾತ್ರ ನಕಲಿನ ಮೇಲೆ, ಮೂಲದ ಮೇಲಲ್ಲ. ಅಂಗಡಿಯಿಂದ ಕೊಂಡ ಹಾಡುಗಳಾದರೆ ಮನೆಯ ಬಳಕೆಗಷ್ಟೇ ಇರಲಿ; ಹಂಚಲು, ಮಾರಲು ಹಕ್ಕುದಾರರ ಅನುಮತಿ ಬೇಕು.

ಮೊಮ್ಮಗ ಎರಡನೆಯ ಸಲ ಸರಿಯಾಗಿಯೇ ಮಾಡಿದ. ಏಳನೆಯ ಪದದ ನಡುವೆ ಅಜ್ಜಿ ಕೆಮ್ಮಿದ್ದು ಅಲೆಯ ಚಿತ್ರದಲ್ಲಿ ಮೊನೆಯಂತೆ ಎದ್ದು ಕಾಣುತ್ತಿತ್ತು. ಅಳಿಸಲು ಹೊರಟವನನ್ನು ತಾಯಿ ತಡೆದರು. ಒಟ್ಟು 48 ನಿಮಿಷ, ಸುಮಾರು 508 ಮೆಗಾಬೈಟ್. ಪೆನ್‌ಡ್ರೈವಿಗೆ ಇಳಿಯಲು ಈ ಸಲ ಸ್ವಲ್ಪ ಕಾಯಬೇಕಾಯಿತು.