ವೈಕಿಂಗರ ಕಾಲದ ಬೇಗೂರು

ನಾರ್ವೆಯ ಗೋಕ್‌ಸ್ಟಾಡ್‌ನಲ್ಲಿ 1880ರಲ್ಲಿ ಒಂದು ಮಣ್ಣಿನ ದಿಬ್ಬ ಅಗೆದಾಗ ಇಡೀ ಹಡಗೇ ಹೊರಬಂತು. ಓಕ್ ಮರದ್ದು, 23 ಮೀಟರಿಗೂ ಉದ್ದ, 32 ಹುಟ್ಟುಗಳದ್ದು. ಒಳಗೆ ಕಾಳಗದ ಗಾಯಗಳಿಂದ ಸತ್ತ ಒಬ್ಬ ವೈಕಿಂಗನ ಮೂಳೆಗಳಿದ್ದವು. ಅವನ ಜೊತೆ ಕುದುರೆಗಳನ್ನೂ ನಾಯಿಗಳನ್ನೂ ಹೂತಿದ್ದರು. ನವಿಲಿನ ಮೂಳೆಗಳೂ ಸಿಕ್ಕವು. ನಮ್ಮ ಕಡೆಯ ಹಕ್ಕಿ ಅಷ್ಟು ದೂರದ ಚಳಿನಾಡಿನ ಗೋರಿಯಲ್ಲಿತ್ತು! ಆ ಹಡಗು ಕಟ್ಟಿದ್ದು ಕ್ರಿ.ಶ. 890ರ ಆಸುಪಾಸಿನಲ್ಲಿ. ಸರಿಸುಮಾರು ಅದೇ ಕಾಲಕ್ಕೆ ನಮ್ಮ ದಕ್ಷಿಣ ಬೆಂಗಳೂರಿನ ಬೇಗೂರಿನಲ್ಲೂ ಕಾಳಗದಲ್ಲಿ ಮಡಿದವರಿಗಾಗಿ ಕಲ್ಲು ನೆಟ್ಟರು.

ಜಯನಗರ, ಜೆ.ಪಿ. ನಗರದವರಿಗೆ ಬೇಗೂರು ದೂರವೇನಲ್ಲ. ಬಿಟಿಎಂ ಲೇಔಟ್ ಕಡೆಯಿಂದಾದರೆ ಬೊಮ್ಮನಹಳ್ಳಿ ಮೇಲೆ ಹೋಗಿ ಬೇಗೂರು ರಸ್ತೆ ಹಿಡಿದರಾಯಿತು. ಅಲ್ಲಿನ ಪಂಚಲಿಂಗ ನಾಗೇಶ್ವರ ದೇವಾಲಯದ ಆವರಣದಲ್ಲಿರುವ ಒಂದು ಹಳಗನ್ನಡ ಶಾಸನ ‘ಬೆಂಗಳೂರು ಕಾಳಗ’ವನ್ನು ಹೇಳುತ್ತದೆ. ಕೆಲವೇ ಸಾಲು. ಗಂಗರ ಕಾಲದ ಸ್ಥಳೀಯ ನಾಯಕ ನಾಗತ್ತರನ ಕಡೆಯವರು ಆ ಕಾಳಗದಲ್ಲಿ ಸತ್ತರೆಂಬುದಷ್ಟೇ ಅದರ ಸಮಾಚಾರ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಮೊದಲೇ ಈ ಊರಿನ ಹೆಸರು ಕಲ್ಲಿನ ಮೇಲಿತ್ತು.

ನಾಗತ್ತರನೂ ಕಾಳಗದಲ್ಲೇ ಸತ್ತ; ಅದಕ್ಕೆ ಇನ್ನೂ ದೊಡ್ಡ ಸಾಕ್ಷಿಯಾಗಿ ಒಂದು ವೀರಗಲ್ಲಿದೆ. ಅದು ಬೇಗೂರಿನಿಂದ ಬಂದು ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಸಾಮಾನ್ಯವಾಗಿ ವೀರಗಲ್ಲಿಗೆ ಮೂರು ಹಂತ: ಕೆಳಗೆ ಹೋರಾಟ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಶಿವಸನ್ನಿಧಿ, ನೆತ್ತಿಗೆ ಸೂರ್ಯಚಂದ್ರರು. ಬೇಗೂರಿನ ಈ ಕಲ್ಲಿನಲ್ಲಾದರೆ ಕಾಳಗದ್ದೇ ಕಾರುಬಾರು. ಆನೆ, ಕುದುರೆ, ಕತ್ತಿ ಹಿರಿದವರು, ಬಿಲ್ಲು ಎಳೆದವರು, ಕಾಲಡಿ ಬಿದ್ದ ಹೆಣಗಳು, ಎಲ್ಲ ಒತ್ತೊತ್ತಾಗಿ. ಶಿಲ್ಪಿಗೆ ಸ್ವರ್ಗಕ್ಕಿಂತ ಸಾವಿನ ಗಳಿಗೆಯೇ ಮುಖ್ಯವಾಗಿ ಕಂಡಿರಬೇಕು. ಕನ್ನಡ ನಾಡಿನ ಶಿಲ್ಪಗಳಲ್ಲಿ ಯುದ್ಧವನ್ನು ಇಷ್ಟು ನೇರವಾಗಿ ತೋರಿಸಿದ್ದು ವಿರಳವೆಂದೇ ನನ್ನ ಎಣಿಕೆ. ಗಂಗ ದೊರೆ ಎರೆಯಪ್ಪನು ತನ್ನ ಮಿತ್ರ ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಸೇನೆಯೊಡನೆ ಕಳುಹಿಸಿದ. ವೀರಮಹೇಂದ್ರನ ಮೇಲಿನ ತುಂಬೆಪಾಡಿಯ ಯುದ್ಧ ಬಿಗಿಯಾದಾಗ ನಾಗತ್ತರ ಆನೆಗಳಿಗೆ ಎದುರಾಗಿ ಕಾದಿ ಸತ್ತ ಎಂದು ಅದರ ಬರಹ ತಿಳಿಸುತ್ತದೆ.

ಸುದ್ದಿ ಕೇಳಿದ ಎರೆಯಪ್ಪ ‘ನಾಗತ್ತರ’ ಎಂಬ ಪಟ್ಟವನ್ನು ಇರುಗನೆಂಬವನಿಗೆ ಕಟ್ಟಿ, ಬೆಂಪೂರು ಹನ್ನೆರಡನ್ನು, ಅಂದರೆ ಬೇಗೂರು ಸೀಮೆಯ ಹಳ್ಳಿಗಳನ್ನು, ಕಲ್ನಾಡಾಗಿ, ಭೂಮಿಯ ಕೊಡುಗೆಯಾಗಿ, ಕೊಟ್ಟ. ಸತ್ತವನಿಗೆ ಕಲ್ಲು, ಉಳಿದವರಿಗೆ ಭೂಮಿ. ವೈಕಿಂಗರ ಕಥೆಯೂ ಹೀಗೇ ಭೂಮಿಗೆ ಬಂದು ನಿಲ್ಲುತ್ತದೆ. 793ರಲ್ಲಿ ಇಂಗ್ಲೆಂಡಿನ ಲಿಂಡಿಸ್‌ಫಾರ್ನ್ ಮಠವನ್ನು ದೋಚಿದವರನ್ನು ನಾವು ಕೊಳ್ಳೆಗಾರರೆಂದಷ್ಟೇ ಓದಿದ್ದೇವೆ. ಆದರೆ ಅವರು ಸುಮಾರು 870ರಿಂದ ಐಸ್‌ಲ್ಯಾಂಡಿನಲ್ಲಿ ಒಕ್ಕಲಾದರು. 911ರಲ್ಲಿ ಫ್ರಾನ್ಸಿನ ದೊರೆ ರೋಲೋ ಎಂಬ ನಾಯಕನಿಗೆ ಸೇನ್ ನದಿಯ ಕೆಳದಂಡೆಯ ನೆಲವನ್ನೇ ಬಿಟ್ಟುಕೊಟ್ಟ. ಉಳಿದ ವೈಕಿಂಗರು ಆ ನದಿಯಲ್ಲಿ ಏರಿ ಬಾರದಂತೆ ಕಾಯುವುದು ಅವನ ಪಾಲಿನ ಕೆಲಸ. ಅದೇ ಮುಂದೆ ನಾರ್ಮಂಡಿಯಾಯಿತು.

ಇನ್ನೊಂದು ಹೋಲಿಕೆ ನನ್ನನ್ನು ಬಹಳ ದಿನ ಹಿಡಿದಿಟ್ಟಿದೆ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದಲ್ಲಿ ಸುಣ್ಣಕಲ್ಲಿನ ಚಿತ್ರಫಲಕಗಳಿವೆ. ಹಲವು ಫಲಕಗಳಲ್ಲಿ ಕೆಳಗೆ ಹಾಯಿ ಬಿಚ್ಚಿದ ಹಡಗು, ಮೇಲೆ ಕುದುರೆಯೇರಿ ಬರುವ ಯೋಧ, ಅವನೆದುರು ಪಾನದ ಕೊಂಬು ಹಿಡಿದ ಹೆಣ್ಣು. ವೀರಸ್ವರ್ಗವಾದ ವಲ್ಹಾಲಾದ ಬಾಗಿಲಲ್ಲಿ ಸಿಗುವ ಸ್ವಾಗತವದು ಎಂಬುದು ಹಲವು ವಿದ್ವಾಂಸರ ಅಭಿಪ್ರಾಯ. ನಮ್ಮಲ್ಲಿ ಅಪ್ಸರೆ ಮಾಡುವ ಕೆಲಸವನ್ನು ಅಲ್ಲಿ ಆಕೆ ಮಾಡುತ್ತಾಳೆ. ಇವರು ಅವರನ್ನು ಕಂಡವರಲ್ಲ, ಅವರು ಇವರನ್ನು ಕೇಳಿದವರಲ್ಲ. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮನೆಗಳು ಎರಡೂ ಕಡೆ ಒಂದೇ ಬಗೆಯ ಸಮಾಧಾನ ಹುಡುಕಿದವು.

ಬೇಗೂರಿಗೆ ಕೆರೆಯಿದೆ, ಕಡಲಿಲ್ಲ. ಆದ್ದರಿಂದ ಇಲ್ಲಿನ ಕಲ್ಲಿನಲ್ಲಿ ಹಡಗೂ ಇಲ್ಲ. ಕಡಲ ಕಾಳಗ ನೋಡಬೇಕೆಂದರೆ ಗೋವೆಗೆ ಹೋಗಬೇಕು. ನಮ್ಮ ಬೆಳಗಾವಿ ಜಿಲ್ಲೆಯ ಹಲಸಿಯಲ್ಲೂ ನೆಲೆಯಿದ್ದ ಗೋವೆ ಕದಂಬರ ಕಾಲದ ವೀರಗಲ್ಲುಗಳಲ್ಲಿ ಹುಟ್ಟು ಹಾಕುವ ಸಾಲು ಸಾಲು ಯೋಧರಿದ್ದಾರೆ. ಇನ್ನೂ ಹಿಂದೆ ಹೋದರೆ ಇಮ್ಮಡಿ ಪುಲಿಕೇಶಿ ಹಡಗುಪಡೆ ಕಟ್ಟಿಕೊಂಡು ಪಡುಗಡಲ ಪುರಿಯ ಮೇಲೆ ಎರಗಿದ್ದನ್ನು 634ರ ಐಹೊಳೆ ಶಾಸನ ಹೇಳುತ್ತದೆ.

ಬೇಗೂರು ಸುತ್ತಿನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1905ರ ಹೊತ್ತಿಗೇ ಬೆಂಗಳೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಪ್ರಕಟಿಸಿದರು. ಆಗ ಅವು ಹೊಲದ ಬದುವಿನಲ್ಲಿ, ಕೆರೆ ಏರಿಯ ಮೇಲೆ ಇದ್ದವು. ಹೊಲ ಬಡಾವಣೆಯಾದ ಮೇಲೆ ಎಷ್ಟೋ ಕಲ್ಲುಗಳು ಪಾಯಕ್ಕೆ, ಚರಂಡಿಗೆ ಹೋದವು. ಉಳಿದವನ್ನು ಹುಡುಕಿ, ಮೂರು ಆಯಾಮದ ಸ್ಕ್ಯಾನ್ ಮಾಡಿ, ಸವೆದ ಅಕ್ಷರಗಳನ್ನೂ ಓದುವ ಕೆಲಸವನ್ನು ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ ಕೈಗೊಂಡಿದೆ. ಈಚಿನ ವರ್ಷಗಳಲ್ಲಿ ಬೆಂಗಳೂರಿನ ಇತಿಹಾಸಕ್ಕೆ ಸಂದ ಅತ್ಯಂತ ಉಪಯುಕ್ತ ಸೇವೆ ಇದು.

ಮುಂದಿನ ಭಾನುವಾರ ಮಕ್ಕಳನ್ನು ಕರೆದುಕೊಂಡು ಬೇಗೂರಿಗೆ ಹೋಗಿಬನ್ನಿ. ನಿಮ್ಮ ಬಡಾವಣೆಯ ಖಾಲಿ ಸೈಟಿನಲ್ಲೋ ಗುಡಿಯ ಹಿಂದೆಯೋ ಕತ್ತಿ ಹಿಡಿದ ಆಕೃತಿಯ ಕಲ್ಲು ಕಂಡರೆ ಬಣ್ಣ ಬಳಿಯಬೇಡಿ, ಎಣ್ಣೆ ಸುರಿಯಬೇಡಿ, ಜಾಗ ಬದಲಿಸಬೇಡಿ. ಒಂದು ಫೋಟೊ ತೆಗೆದು ಮಿಥಿಕ್ ಸೊಸೈಟಿಗೋ ಪುರಾತತ್ವ ಇಲಾಖೆಗೋ ತಿಳಿಸಿ.