ಪರದೆಯ ಹಿಂದೆ ನಡೆಯುವುದೇ ಬೇರೆ

ಆಪರೇಟಿಂಗ್ ಸಿಸ್ಟಂ ಎಂದರೇನು ಎಂದು ಪಿಯುಸಿ ವಿದ್ಯಾರ್ಥಿಗಳನ್ನು ಕೇಳಿ ನೋಡಿ. ‘ಬಳಕೆದಾರನಿಗೂ ಹಾರ್ಡ್‌ವೇರ್‌ಗೂ ನಡುವಿನ ಸೇತುವೆ’ ಎಂದು ಬಾಯಿಪಾಠ ಒಪ್ಪಿಸುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು, ಅಂಕವೂ ಸಿಗುತ್ತದೆ. ಮನೆಗೆ ಬಂದು, ಮೊಬೈಲ್ ನಿಧಾನವಾಯಿತೆಂದು ‘ರ‍್ಯಾಮ್ ಬೂಸ್ಟರ್’ ಆ್ಯಪ್ ಹುಡುಕುವವರೂ ಅವರೇ. ಪರದೆಯ ಮೇಲೆ ಕಂಡದ್ದೇ ಒಳಗೂ ನಡೆಯುತ್ತಿದೆ ಎಂದು ನಂಬುವುದರಿಂದ ಬರುವ ತೊಂದರೆ ಇದು. ಅಂಥ ಕೆಲವು ನಂಬಿಕೆಗಳನ್ನು ಒರೆಗೆ ಹಚ್ಚಿ ನೋಡೋಣ.

ತಪ್ಪು ಕಲ್ಪನೆ: ಡೆಸ್ಕ್‌ಟಾಪ್, ಐಕಾನ್, ಸ್ಟಾರ್ಟ್ ಬಟನ್ ಇವೇ ಆಪರೇಟಿಂಗ್ ಸಿಸ್ಟಂ

ಇವೆಲ್ಲ ಮೇಲುಮೇಲಿನ ಪ್ರೋಗ್ರಾಂಗಳು. ಪ್ರೊಸೆಸರ್‌ನ ಸಮಯ, ಮೆಮೊರಿ, ಡಿಸ್ಕ್ ಯಾರಿಗೆ ಎಷ್ಟು ಎಂದು ತೀರ್ಮಾನಿಸುವುದು ಕರ್ನಲ್ ಎಂಬ ಒಳಭಾಗ. ಅದಕ್ಕೆ ಮುಖವೇ ಇಲ್ಲ. ಡೇಟಾ ಸೆಂಟರ್‌ಗಳ ಸರ್ವರ್‌ಗಳು ಮಾನಿಟರ್ ಇಲ್ಲದೆಯೇ ವರ್ಷಗಟ್ಟಲೆ ಓಡುತ್ತವೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಬರೆದ ಲಿನಕ್ಸ್ ಕೂಡ ಬರೀ ಕರ್ನಲ್. ಅದರ ಸುತ್ತಲಿನ ಸಲಕರಣೆಗಳಲ್ಲಿ ಬಹಳಷ್ಟು ಬಂದದ್ದು 1983ರಲ್ಲಿ ರಿಚರ್ಡ್ ಸ್ಟಾಲ್‌ಮನ್ ಘೋಷಿಸಿದ ಗ್ನು ಯೋಜನೆಯಿಂದ. ಕಾಲೇಜಿನ ಲ್ಯಾಬಿನಲ್ಲಿರುವ ಉಬುಂಟುವಿಗೂ ಜೇಬಿನಲ್ಲಿರುವ ಆಂಡ್ರಾಯ್ಡ್‌ಗೂ ನೋಟದಲ್ಲಿ ಎಲ್ಲಿಯ ಹೋಲಿಕೆ? ಎರಡರ ಒಳಗೂ ಇರುವುದು ಲಿನಕ್ಸ್ ಕರ್ನಲ್ಲೇ. ಇದಕ್ಕೆ ತದ್ವಿರುದ್ಧ ವಿಂಡೋಸ್ 98 ಮತ್ತು ವಿಂಡೋಸ್ 2000. ಪಕ್ಕಪಕ್ಕ ಇಟ್ಟರೆ ಯಾವುದು ಯಾವುದೆಂದು ಹೇಳುವುದೇ ಕಷ್ಟ. ಒಳಗೆ ಮೊದಲನೆಯದು ಡಾಸ್ ವಂಶದ್ದು, ಎರಡನೆಯದು 1993ರಲ್ಲಿ ಶುರುವಾದ ಎನ್‌ಟಿ ವಂಶದ್ದು. ಒಂದು ಪ್ರೋಗ್ರಾಂ ಕೆಟ್ಟು ಇಡೀ ಯಂತ್ರ ನಿಂತುಹೋಗುವುದು 98ರಲ್ಲಿ ಮಾಮೂಲಾಗಿತ್ತು, ಎನ್‌ಟಿಯಲ್ಲಿ ಅಪರೂಪ.

ತಪ್ಪು ಕಲ್ಪನೆ: ಆಪರೇಟಿಂಗ್ ಸಿಸ್ಟಂ ಸದಾ ಓಡುತ್ತ ಎಲ್ಲದರ ಮೇಲೂ ಕಣ್ಣಿಟ್ಟಿರುತ್ತದೆ

ಪ್ರೊಸೆಸರ್‌ನ ಒಂದು ಕೋರ್ ನಿಮ್ಮ ಪ್ರೋಗ್ರಾಂ ನಡೆಸುತ್ತಿರುವ ಹೊತ್ತಿನಲ್ಲಿ ಆ ಕೋರ್‌ನಲ್ಲಿ ಕರ್ನಲ್ ಓಡುತ್ತಿರುವುದಿಲ್ಲ. ಹಾಗಾದರೆ ಕೊನೆಯಿಲ್ಲದ ಲೂಪಿಗೆ ಬಿದ್ದ ಪ್ರೋಗ್ರಾಂ ಜಾಗ ಬಿಟ್ಟುಕೊಡುವುದು ಹೇಗೆ? ಹಾರ್ಡ್‌ವೇರ್ ಟೈಮರ್ ಆಗಾಗ ಇಂಟರಪ್ಟ್ ಕೊಡುತ್ತದೆ. ಆಗ ಹಿಡಿತ ಕರ್ನಲ್ ಕೈಗೆ ಬರುತ್ತದೆ, ಅದು ಮುಂದಿನ ಸರದಿ ಯಾರದೆಂದು ನಿರ್ಧರಿಸಿ ಮತ್ತೆ ಪಕ್ಕಕ್ಕೆ ಸರಿಯುತ್ತದೆ. ಇದೆಲ್ಲ ಮಿಲಿಸೆಕೆಂಡುಗಳ ಲೆಕ್ಕ. ವಿಂಡೋಸ್ 3.1ರ ಕಾಲದಲ್ಲಿ ಅದರ ಪ್ರೋಗ್ರಾಂಗಳು ತಾವಾಗಿಯೇ ಸರದಿ ಬಿಟ್ಟುಕೊಡಬೇಕಿತ್ತು. ಒಂದು ಹಟ ಹಿಡಿದರೆ ಉಳಿದವು ಕಾಯಬೇಕಿತ್ತು.

ತಪ್ಪು ಕಲ್ಪನೆ: ರ‍್ಯಾಮ್ ಖಾಲಿ ಇದ್ದಷ್ಟೂ ಯಂತ್ರ ವೇಗ

ಎಲ್ಲಕ್ಕಿಂತ ಹೆಚ್ಚು ಜನರನ್ನು ದಾರಿ ತಪ್ಪಿಸಿರುವುದು ಇದೇ. ಖಾಲಿ ಬಿದ್ದಿರುವ ಮೆಮೊರಿಯಿಂದ ಯಾರಿಗೂ ಲಾಭವಿಲ್ಲ. ಆದ್ದರಿಂದ ಡಿಸ್ಕಿನಿಂದ ಒಮ್ಮೆ ಓದಿದ ಫೈಲುಗಳನ್ನು ಕರ್ನಲ್ ಬಿಡುವಿರುವ ಮೆಮೊರಿಯಲ್ಲಿ ಹಾಗೇ ಉಳಿಸಿಕೊಳ್ಳುತ್ತದೆ. ಇದು ಕ್ಯಾಶ್. ಅದೇ ಫೈಲ್ ಮತ್ತೆ ಬೇಕಾದಾಗ ಡಿಸ್ಕಿನವರೆಗೆ ಹೋಗುವ ಕೆಲಸವಿಲ್ಲ. ಬೇರೆ ಪ್ರೋಗ್ರಾಂಗೆ ಜಾಗ ಬೇಕಾಯಿತೆಂದರೆ ಆ ಕ್ಷಣವೇ ಕ್ಯಾಶ್ ಬಿಟ್ಟುಕೊಡುತ್ತದೆ. ಹಾಗಾಗಿ ಲಿನಕ್ಸ್‌ನಲ್ಲಿ ‘ಫ್ರೀ’ ಆದೇಶ ಕೊಟ್ಟಾಗ ‘ಫ್ರೀ’ ಎಂಬ ಕಾಲಂ ನೋಡಿ ಗಾಬರಿಯಾಗಬೇಡಿ, ‘ಅವೇಲಬಲ್’ ಎಂಬುದನ್ನು ನೋಡಿ.

ಫೋನಿನಲ್ಲಿ ಇತ್ತೀಚಿನ ಆ್ಯಪ್‌ಗಳ ಪಟ್ಟಿ ತೆರೆದು ಅವನ್ನು ಒಂದೊಂದಾಗಿ ಮೇಲಕ್ಕೆ ತಳ್ಳುವ ಚಟವೂ ಇದೇ ನಂಬಿಕೆಯ ಸಂತಾನ. ಆ ಪಟ್ಟಿಯಲ್ಲಿ ಕಾಣುವುದರಲ್ಲಿ ಹೆಚ್ಚಿನವು ಓಡುತ್ತಿರುವುದೇ ಇಲ್ಲ, ಮೆಮೊರಿಯಲ್ಲಿ ಸುಮ್ಮನೆ ಇರುತ್ತವೆ. ತಳ್ಳಿಹಾಕಿದ ಆ್ಯಪನ್ನು ಹತ್ತು ನಿಮಿಷ ಬಿಟ್ಟು ತೆರೆದರೆ ಫೋನ್ ಅದನ್ನು ಮೊದಲಿನಿಂದ ಲೋಡ್ ಮಾಡಬೇಕು. ಬ್ಯಾಟರಿ ಇನ್ನಷ್ಟು ಖರ್ಚು. ಬ್ಯಾಟರಿ ಉಳಿಸಲು ಇದು ಬೇಕೇ ಎಂದು 2016ರಲ್ಲಿ ಒಬ್ಬ ಗ್ರಾಹಕರು ಕೇಳಿದಾಗ ಆ್ಯಪಲ್‌ನ ಕ್ರೇಗ್ ಫೆಡೆರಿಗಿ ಬೇಡ ಎಂದೇ ಉತ್ತರಿಸಿದ್ದರು. ಅಂದಿನ ಆಂಡ್ರಾಯ್ಡ್ ಮುಖ್ಯಸ್ಥ ಹಿರೋಷಿ ಲಾಕ್‌ಹೈಮರ್ ಅಭಿಪ್ರಾಯವೂ ಅದೇ ಆಗಿತ್ತು. ಆ್ಯಪ್ ಕೈಕೊಟ್ಟು ನಿಂತಿದ್ದರೆ ಮುಚ್ಚಿ, ಉಳಿದದ್ದು ಬೆರಳಿನ ವ್ಯಾಯಾಮ.

ನಿಜವಾಗಿಯೂ ಮೆಮೊರಿ ಸಾಲದಾದರೆ ಮಾತು ಬೇರೆ. ಕಂಪ್ಯೂಟರಿನಲ್ಲಿ ಕರ್ನಲ್ ಮೆಮೊರಿಯ ಕೆಲವು ತುಂಡುಗಳನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸು ತರುತ್ತ ಕೂರುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಇದ್ದರೆ ಆ ಕರಕರ ಸದ್ದು ಕೇಳಿಸುತ್ತದೆ. ಇದಕ್ಕೆ ಬೂಸ್ಟರ್ ಆ್ಯಪ್ ಮದ್ದಲ್ಲ, ಇನ್ನೊಂದು ರ‍್ಯಾಮ್ ಹಾಕಿಸುವುದೇ ಮದ್ದು.

ತಪ್ಪು ಕಲ್ಪನೆ: ರೀಸೈಕಲ್ ಬಿನ್ ಖಾಲಿ ಮಾಡಿದರೆ ಫೈಲ್ ಅಳಿದಂತೆ

ಪಹಣಿಯಲ್ಲಿ ಹೆಸರು ಹೊಡೆದ ಮಾತ್ರಕ್ಕೆ ಹೊಲದ ಬೆಳೆ ಮಾಯವಾಗುವುದಿಲ್ಲ. ಫೈಲ್ ಸಿಸ್ಟಂ ಮಾಡುವುದೂ ದಾಖಲೆ ತಿದ್ದುವ ಕೆಲಸವನ್ನೇ: ಈ ಜಾಗ ಇನ್ನು ಮುಂದೆ ಬಳಕೆಗೆ ಮುಕ್ತ ಎಂದು ಬರೆದುಕೊಳ್ಳುತ್ತದೆ. ಹಾರ್ಡ್ ಡಿಸ್ಕ್ ಮತ್ತು ಪೆನ್ ಡ್ರೈವ್‌ನಲ್ಲಿ ಅದೇ ಜಾಗದ ಮೇಲೆ ಬೇರೆ ಏನಾದರೂ ಬರೆಯುವವರೆಗೆ ಹಳೆಯ ಫೋಟೊ ಅಲ್ಲೇ ಇರುತ್ತದೆ. ರಿಕವರಿ ಸಾಫ್ಟ್‌ವೇರ್ ಬದುಕಿರುವುದೇ ಇದರಿಂದ. ಅಳಿಸಿದ ಜಾಗ ಯಾವುದೆಂದು ಡ್ರೈವ್‌ಗೆ ತಿಳಿಸುವ ಟ್ರಿಮ್ ಸೌಲಭ್ಯವಿರುವ ಎಸ್‌ಎಸ್‌ಡಿಗಳಲ್ಲಿ ಮಾತ್ರ ಹೀಗೆ ಮರಳಿ ಪಡೆಯುವುದು ಬಹುಮಟ್ಟಿಗೆ ಅಸಾಧ್ಯ.

ತಪ್ಪು ಕಲ್ಪನೆ: ಲಿನಕ್ಸ್, ಯುನಿಕ್ಸ್‌ಗಳಿಗೆ ವೈರಸ್ ಕಾಟವಿಲ್ಲ

1988ರಲ್ಲಿ ಇಂಟರ್ನೆಟ್ಟನ್ನು ಕಂಗೆಡಿಸಿದ ಮಾರಿಸ್ ವರ್ಮ್ ನುಗ್ಗಿದ್ದು ಯುನಿಕ್ಸ್ ಯಂತ್ರಗಳಿಗೆ. 2016ರ ಮಿರಾಯ್ ಎಂಬ ಮಾಲ್‌ವೇರ್ ಹಿಡಿದದ್ದು ಲಿನಕ್ಸ್ ಇದ್ದ ಕ್ಯಾಮೆರಾ, ರೌಟರ್‌ಗಳನ್ನು. ಬಾಗಿಲು ತೆರೆದುಕೊಟ್ಟದ್ದು ಯಾರೂ ಬದಲಿಸದೆ ಬಿಟ್ಟ ಪಾಸ್‌ವರ್ಡ್‌ಗಳು.

ತಪ್ಪು ಕಲ್ಪನೆ: ರೀಸ್ಟಾರ್ಟ್‌ಗಿಂತ ಶಟ್‌ಡೌನ್ ಮೇಲು

‘ರೀಸ್ಟಾರ್ಟ್ ಅರೆಬರೆ, ಪೂರ್ತಿ ಆಫ್ ಮಾಡಿ ಆನ್ ಮಾಡು’ ಎನ್ನುವ ಸಲಹೆ ಈಗಿನ ವಿಂಡೋಸ್‌ನಲ್ಲಿ ತಲೆಕೆಳಗು. 2012ರ ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟ್ಅಪ್ ಎಂಬ ಏರ್ಪಾಡು ಬಂದಿದೆ. ಅದು ಚಾಲೂ ಇದ್ದರೆ, ಶಟ್‌ಡೌನ್ ಒತ್ತಿದಾಗ ನಿಮ್ಮ ಪ್ರೋಗ್ರಾಂಗಳು ಮುಚ್ಚುತ್ತವೆ; ಕರ್ನಲ್ ಮತ್ತು ಡ್ರೈವರ್‌ಗಳ ಸ್ಥಿತಿ ಮಾತ್ರ ಡಿಸ್ಕಿನಲ್ಲಿ ಉಳಿದು, ಮರುದಿನ ಅಲ್ಲಿಂದಲೇ ಎದ್ದು ಕೂರುತ್ತದೆ. ಕೆಟ್ಟುಹೋದ ಡ್ರೈವರ್ ಕೂಡ ಹಾಗೇ ಜೊತೆಗೆ ಏಳುತ್ತದೆ. ಎಲ್ಲವನ್ನೂ ಹೊಸದಾಗಿ ಲೋಡ್ ಮಾಡುವುದು ರೀಸ್ಟಾರ್ಟ್. ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಲಿನಕ್ಸ್‌ನಿಂದ ವಿಂಡೋಸ್ ವಿಭಾಗದೊಳಕ್ಕೆ ಬರೆಯಲಾಗದೆ ಪರದಾಟವಾಗುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಶಿಫ್ಟ್ ಕೀ ಒತ್ತಿಹಿಡಿದು ಶಟ್‌ಡೌನ್ ಕೊಟ್ಟರೆ ಪೂರ್ತಿ ಆಫ್ ಆಗುತ್ತದೆ.

ನಂಬಿಕೆ ಬರದಿದ್ದರೆ ಇಂದು ರಾತ್ರಿ ಶಟ್‌ಡೌನ್ ಮಾಡಿ, ಬೆಳಿಗ್ಗೆ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಕೆಳಗಿನ ‘ಅಪ್ ಟೈಮ್’ ನೋಡಿ. ಫಾಸ್ಟ್ ಸ್ಟಾರ್ಟ್ಅಪ್ ಚಾಲೂ ಇದ್ದರೆ ಲೆಕ್ಕ ಸೊನ್ನೆಯಿಂದ ಶುರುವಾಗಿರುವುದಿಲ್ಲ.